ಹಾಸು ಚಾಚುವ ಬೈಲು

ಗಜೇಂದ್ರಗಡ
ತಾ. ೧೪-೨-೧೯೫೪, ರವಿವಾರ

ನರಗುಂದದಲ್ಲಿ ಮಗಳ ಮನೆಯಲ್ಲಿರುವ ನನ್ನ ಪ್ರೀತಿಯ ಮಾಸುಮಬಿಗೆ, ಒಂದೇ ಶಾಲೆಯಲ್ಲಿ ನಿನ್ನ ಮಗ್ಗುಲಲ್ಲಿ ಕೂತು ಅಕ್ಷರ ಕಲಿತ ತಿಪ್ಪವ್ವನ ನಮಸ್ಕಾರ. ಸಲಾಮು ಬೇಕಾದರೆ ಅದನ್ನೂ ತಗೋ.

ಮೊದಲ ಸಾಲಿನಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರಲ್ಲ, ಆ ಸಾಲು ಬರೆಯಲು ಕೂತು ಎರಡು ಸಲ ಎದ್ದುಹೋದೆ. ಒಂದು ಸಲ ಒಲೆ ನೋಡಲಿಕ್ಕೆ, ಇನ್ನೊಂದು ಸಲ ಸುಮ್ಮನೆ. ಮೈಗೆ ಏನೂ ಆಗಿಲ್ಲ. ಉಣ್ಣುತ್ತೇನೆ, ತಿರುಗಾಡುತ್ತೇನೆ. ಆದರೆ ಕೂತಲ್ಲಿ ಕೂಡ್ರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕಂಡಿಕೆ ಸುತ್ತುವಾಗ ನೂಲು ಹರಿದು ಬಿದ್ದದ್ದೂ ಗೊತ್ತಾಗದೆ ಬರೀ ರಾಟೆ ತಿರುವುತ್ತ ಕೂತಿರುತ್ತೇನೆ. ನಮ್ಮ ಮನೆಯವರು ಅದನ್ನು ನೋಡಿ ನಗುತ್ತಾರೆ. ನಗಲಿ, ನಗುವುದಕ್ಕೇನು? ಕಟಕಟೆ ಹತ್ತಿದವಳು ನಾನು, ಅವರಲ್ಲ.

ಹೌದು ಮಾಸುಮ, ಕಟಕಟೆ. ಪೊಲೀಸ್ ಗೇಟಿನ ಮುಂದೆ ಹಾಯುವುದಕ್ಕೂ ಸೆರಗು ಎಳೆದುಕೊಳ್ಳುತ್ತಿದ್ದ ನಾನು ರೋಣದ ಕೋರ್ಟಿನ ಕಟಕಟೆ ಹತ್ತಿ ಇಳಿದು ಬಂದಿದ್ದೇನೆ. ನಮ್ಮ ಮೇಲೆ ದಿವಾಣಿ ದಾವೆ ಆಗಿದೆ. ನಿಮ್ಮ ಮನೆಯ ಮಗ್ಗುಲಿನ ಬೈಲಿನಲ್ಲಿ ಇನ್ನು ಮುಂದೆ ನಾವು ಮಗ್ಗದ ನೂಲಿನ ಹಾಸು ಚಾಚಬಾರದು, ಒಳಗೆ ಕಾಲೂ ಇಡಬಾರದು, ಹಾಗೆಂದು ಕೋರ್ಟು ನಮಗೆ ತಾಕೀದು ಮಾಡಬೇಕಂತೆ. ನಮಗೆ ಎಂದರೆ ಓಣಿಯ ಎಲ್ಲ ಮಗ್ಗದವರಿಗೆ. ನಮ್ಮ ಬಾಗಿಲು ಬೈಲಿಗೆ ಹತ್ತಿಕೊಂಡೇ ಇದೆಯಲ್ಲ, ಅದಕ್ಕೆ ಮೊದಲ ಹೆಸರು ನಮ್ಮ ಮನೆಯವರದು, ಎರಡನೆಯದು ನನ್ನದು, ಉಳಿದವರು ಹಿಂದೆ.

ದಾವೆ ಹಾಕಿದವನು ಯಾರು ಎಂದು ನೀನು ಆಗಲೇ ಕೇಳುತ್ತಿದ್ದೀ. ನಿನ್ನ ಅವಸರ ನನಗೆ ಗೊತ್ತಿಲ್ಲವೇ? ತಡೆ, ಹೇಳುತ್ತೇನೆ. ಮೊದಲು ಕೋರ್ಟಿನ ಬೇಲೀಫ ಬಂದದ್ದು ಹೇಳಬೇಕು.

ಅವತ್ತು ನಮ್ಮ ಓಣಿಯ ಫಕ್ಕೀರಪ್ಪನ ಹಾಸು ಬೈಲಿಗೆ ಬಿದ್ದಿತ್ತು. ಬಿಸಿಲೇರುವುದರೊಳಗೆ ಗಂಜಿ ಹಚ್ಚಿ ಮುಗಿಸಬೇಕೆಂದು ಓಣಿಯವರೆಲ್ಲ ಅಲ್ಲಿಯೇ ಇದ್ದರು. ಕೋರ್ಟಿನ ಪಟ್ಟಿ ಹಾಕಿಕೊಂಡ ಒಬ್ಬ ಮನುಷ್ಯ ನಮ್ಮ ಬಾಗಿಲಿಗೆ ಬಂದು, "ಕಳಕಪ್ಪ ಅಂಬವ್ರು ಯಾರ್ರಿ? ರೋಣದ ಕೋರ್ಟಿನ ಸಮನ್ಸ್ ಐತಿ" ಎಂದು ಕೂಗಿದ. ನಮ್ಮ ಮನೆಯವರು ಮಗ್ಗದ ಕುಣಿಯಲ್ಲಿ ಕೂತಿದ್ದರು. ಅಲ್ಲಿಂದಲೇ, "ಅವರು ಊರಾಗಿಲ್ರಿ, ಸೂಡಿಗೆ ಹೋಗ್ಯಾರ" ಎಂದು ತಾವೇ ಕೂಗಿ ಹೇಳಿದರು! ಲಾಳಿಯ ಸದ್ದು ಓಣಿಯ ಆ ತುದಿಗೆ ಕೇಳುತ್ತಿದೆ. ಬೇಲೀಫ ನಕ್ಕುಬಿಟ್ಟ. "ಊರಾಗಿಲ್ಲದವ್ರು ಮಗ್ಗ ಚಲೋ ನೇಯ್ತಾರಲ್ರಿ" ಅಂದ. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮ ಹೆಸರಿಂದೂ ಒಂದು ಐತ್ರಿ ಬಾಯಾರ, ಸಹಿ ಮಾಡಿ ತಗೋರಿ" ಅಂದ. ನಾನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಕಾಗದ ಕೈಯಲ್ಲಿ ಹಿಡಿದರೆ ತಪ್ಪು ಒಪ್ಪಿಕೊಂಡ ಹಾಗೆ, ಹಿಡಿಯದಿದ್ದರೆ ಬಂದ ದಾರಿಯಲ್ಲಿ ತಿರುಗಿ ಹೋಗುತ್ತದೆ ಎಂದು ಓಣಿಯವರೆಲ್ಲ ತಿಳಿದಿದ್ದೆವು.

ಅವನೇನು ಜಗಳಾಡಲಿಲ್ಲ. "ಹಂಗಾರ ಬಾಗಿಲಿಗೆ ಹಚ್ಚಿ ಹೋಗ್ತೀನ್ರಿ, ಒಂದೀಟು ಅಂಟು ಇದ್ರ ಕೊಡ್ರಿ" ಅಂದ. ಮೋಟಾರು ಇಳಿದು ಬಿಸಿಲಲ್ಲಿ ನಡೆದು ಬಂದಿದ್ದ, ಮುಖ ಬಾಡಿತ್ತು. ಕುಡಿಯಲಿಕ್ಕೆ ಮಜ್ಜಿಗೆ ಕೊಟ್ಟೆ. ಹಾಸಿನ ಎಳೆಗಳಿಗೆ ಹಚ್ಚಲು ಕಾಯಿಸಿಟ್ಟ ಗಂಜಿಯಲ್ಲಿ ಒಂದು ಸೌಟು ತಂದುಕೊಟ್ಟೆ. ತನ್ನ ಮೇಲಿನ ಸಮನ್ಸನ್ನು ತನ್ನ ಬಾಗಿಲಿಗೆ ತನ್ನದೇ ಗಂಜಿಯಿಂದ ಅಂಟಿಸಿಕೊಂಡ ಹೆಣ್ಣುಮಗಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇದ್ದೇನು. ನೇಕಾರರ ಗಂಜಿ ಎಂದರೆ ನಿನಗೆ ಗೊತ್ತಲ್ಲ. ಆಮೇಲೆ ಕುಡುಗೋಲಿನಿಂದ ಕೆರೆದರೂ ಆ ಕಾಗದ ಏಳಲಿಲ್ಲ, ಅರ್ಧ ಇನ್ನೂ ಬಾಗಿಲಲ್ಲಿದೆ.

ರೋಣದಲ್ಲಿ ಮಹಾದೇವಪ್ಪ ಎಂಬ ವಕೀಲರನ್ನು ಹಿಡಿದೆವು. ಒಳ್ಳೆಯ ಮನುಷ್ಯ, ನಶ್ಯದ ಡಬ್ಬಿ ಬಿಟ್ಟರೆ ಬೇರೆ ಚಟವಿಲ್ಲ. ಗಂಜಿಯ ಕಥೆ ಕೇಳಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು, ನಕ್ಕು ಮುಗಿದ ಮೇಲೆ ಬೈದರು. "ಕೋರ್ಟಿನ ಕಾಗದಕ್ಕ ಹೆದರಿ ಅಡಗಬಾರದ್ರಿ. ಕೈಯಾಗ ತಗೊಂಡ್ರೂ ಮುಟ್ಟಿದಂಗ, ಬಾಗಿಲಿಗೆ ಹಚ್ಚಿದ್ರೂ ಮುಟ್ಟಿದಂಗ. ತಾರೀಖಿಗೆ ನೀವು ಬರಲಿಲ್ಲಂದ್ರ ಅವರು ಹೇಳಿದ್ದ ಖರೇ ಅಂತ ಏಕತರ್ಫಿ ಹುಕುಂ ಆಗಿಬಿಡ್ತೈತಿ" ಅಂದರು. ಆಮೇಲೆ ನಮ್ಮ ಪರವಾಗಿ ಕೈಫಿಯತ್ತು, ಅಂದರೆ ದಾವೆಗೆ ಉತ್ತರ, ಬರೆದುಕೊಟ್ಟರು. ಬೈಲಿನಲ್ಲಿ ಹಾಸು ಚಾಚುವುದು ನಮ್ಮ ಅತ್ತೆಯ ಅತ್ತೆಯ ಕಾಲದಿಂದ ನಡೆದ ವಹಿವಾಟು, ಇಷ್ಟು ವರ್ಷ ಯಾರೂ ತಡೆದಿಲ್ಲ, ನಾವು ಯಾರನ್ನೂ ಕೇಳಿಲ್ಲ, ಹೀಗಾಗಿ ಅದು ನಮ್ಮ ಹಕ್ಕು. ಬರೆದದ್ದನ್ನು ಓದಿ ತೋರಿಸಿ, "ಕೇಸು ಗಟ್ಟಿ ಐತ್ರಿ" ಅಂದರು. ಯಾರನ್ನೂ ಕೇಳಿಲ್ಲ ಎಂಬಲ್ಲಿ ನನಗೆ ಕಸಿವಿಸಿಯಾಯಿತು. ಕಾನೂನಿನ ಮಾತು ಹಾಗೇ ಇರುತ್ತದೆ ಎಂದುಕೊಂಡು ಸಹಿ ಮಾಡಿದೆ.

ನನಗೆ ಮಾತ್ರ ಬೇರೆ ಕರೆದು, "ಬಾಯಾರ, ಕೇಳಿದ್ದಕ್ಕಷ್ಟ ಹೌದು ಅನ್ರಿ, ಇಲ್ಲಾ ಅಲ್ಲ ಅನ್ರಿ. ನಡಕ ನಿಮ್ಮ ಪುರಾಣ ತರಬ್ಯಾಡ್ರಿ" ಎಂದು ಬಿಡಿಸಿ ಬಿಡಿಸಿ ಹೇಳಿದರು. ಒಂದೇ ದಿನದಲ್ಲಿ ನನ್ನನ್ನು ಎಷ್ಟು ಸರಿಯಾಗಿ ಅಳೆದಿದ್ದರು ನೋಡು.

ಈಗ ಹೇಳಿಯೇಬಿಡುತ್ತೇನೆ. ಹತ್ತಿರ ಮಗಳು ನಜ್ಮಾ ಇದ್ದರೆ ಕೂಡಿಸಿಕೋ, ನೀರು ಕುಡಿ. ದಾವೆ ಹಾಕಿದವನು ಗೌಸು. ನಿನ್ನ ಮಗ ಗೌಸುಸಾಬ.

ಅವನು ನಿನಗೆ ಒಂದು ಮಾತೂ ಹೇಳಿಲ್ಲ ಎಂದು ನನಗೆ ಗೊತ್ತು. ಹೋದ ತಿಂಗಳ ನಿನ್ನ ಪತ್ರದಲ್ಲಿ, ಈ ವರ್ಷ ಬೈಲಿಗೆ ಮೊದಲ ಹಾಸು ಯಾರದು ಬಿತ್ತು ಎಂದು ಕೇಳಿದ್ದೆ. ಅದನ್ನು ಓದಿ ಮಡಚಿ ದೇವರ ಮಾಡದಲ್ಲಿ ಇಟ್ಟುಬಿಟ್ಟೆ. ಉತ್ತರ ಬರೆಯದೆ ಕೂತದ್ದು ಅದಕ್ಕೇ. ಮೂಗು ಉಬ್ಬಿಸಿಕೊಂಡು ಕೂತಿದ್ದೀ ಏನೋ, ಬೈಯುವುದಿದ್ದರೆ ಬೈ.

ಅವನ ಕಡೆಯದೂ ಹೇಳುತ್ತೇನೆ, ಇಲ್ಲದಿದ್ದರೆ ನಾನು ಅನ್ಯಾಯ ಮಾಡಿದ ಹಾಗೆ ಆಗುತ್ತದೆ. ಶೇಂಗಾ ವ್ಯಾಪಾರ ಅವನಿಗೆ ಚೆನ್ನಾಗಿ ಹತ್ತಿದೆ. ಚೀಲ ಇಡಲು ಜಾಗವಿಲ್ಲ. ಬೈಲಿಗೆ ಗೋಡೆ ಹಾಕಿ ಗೋದಾಮು ಕಟ್ಟಬೇಕು ಎಂದು ಮೊದಲು ನಮ್ಮ ಓಣಿಗೇ ಬಂದು ಮರ್ಯಾದೆಯಿಂದ ಕೇಳಿದ. ಫಕ್ಕೀರಪ್ಪ ಹಲ್ಲು ಕಚ್ಚಿ ಕೂತಿದ್ದರೆ ಇಷ್ಟಾಗುತ್ತಿರಲಿಲ್ಲ. "ನಿಮ್ಮಪ್ಪ ಮುರ್ತುಜಾಸಾಬ ಇರೂತನಕ ಬಾಯಿ ಬಿಡಲಿಲ್ಲ, ನಿಂದೇನಲೇ ಹೊಸಾ ದೊಡ್ಡಸ್ತಿಕಿ?" ಎಂದು ನಾಲ್ಕು ಜನರ ಮುಂದೆ ಅಂದುಬಿಟ್ಟ. ಹುಡುಗ ಕೆಂಪಗಾಗಿ ಎದ್ದು ಹೋದ. ಹುಡುಗ ಅನ್ನುತ್ತೇನೆ, ಅವನಿಗೀಗ ಇಬ್ಬರು ಹೆಣ್ಣುಮಕ್ಕಳು. ನನ್ನ ಕಣ್ಣಿಗೆ ಮಾತ್ರ ನಮ್ಮ ಮಗ್ಗದ ಕುಣಿಯಲ್ಲಿ ಬಿದ್ದು ಹಲ್ಲು ಮುರಿದುಕೊಂಡವನು.

ಆದರೆ ಬೈಲು ಬಿಡುವುದು ಎಂದರೇನು, ಹೇಳು. ಇದು ಗುಡ್ಡದ ಊರು. ಅಷ್ಟುದ್ದ ಸಮ ಜಾಗ ಇನ್ನೆಲ್ಲಿದೆ? ಹಾಸು ಚಾಚದೆ ಗಂಜಿ ಹಚ್ಚುವ ಹಾಗಿಲ್ಲ, ಗಂಜಿ ಇಲ್ಲದೆ ನೂಲು ಮಗ್ಗದಲ್ಲಿ ನಿಲ್ಲುವುದಿಲ್ಲ. ಬೈಲು ಹೋದರೆ ಓಣಿಯ ಮಗ್ಗಗಳೆಲ್ಲ ನಿಂತ ಹಾಗೆಯೇ. ಫಕ್ಕೀರಪ್ಪ ಆಗಲೇ ಸೊಲ್ಲಾಪುರದ ಗಿರಣಿಯ ಮಾತು ತೆಗೆದಿದ್ದಾನೆ. ಪುರ್ತಗೇರಿಯ ದಾರಿಯ ಕಡೆ ಒಂದು ಜಾಗ ನೋಡಿಬಂದರು, ಅಲ್ಲಿ ಗಾಳಿ ಜಾಸ್ತಿ, ಎಳೆಗಳು ಒಂದರ ಮೇಲೊಂದು ಕೂತು ಗಂಟಾದವು. ನಮ್ಮ ಮನೆಯವರು ಮಗ್ಗ ಬಿಟ್ಟರೆ ಬೇರೆ ಕೆಲಸ ಅರಿಯರು. ಈ ವಯಸ್ಸಿನಲ್ಲಿ ಕೂಲಿಗೆ ಹೋಗುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಹೋದ ಬುಧವಾರ ನನ್ನ ಸಾಕ್ಷಿ ಇತ್ತು. ಮುಂಜಾನೆಯ ಮೋಟಾರು ತುಂಬಿತ್ತು. ಒಳಗೆ ಹೋಗಿ ನೋಡಿದರೆ ಗೌಸು ಕೂತಿದ್ದಾನೆ. ಒಂದೇ ಕೋರ್ಟು, ಒಂದೇ ತಾರೀಖು, ಮೋಟಾರೂ ಒಂದೇ. ನನ್ನನ್ನು ಕಂಡ ಕೂಡಲೇ ಎದ್ದು ನಿಂತು, "ಕೂಡ್ರಿ ಖಾಲಾ" ಅಂದ. ಚಿಕ್ಕಂದಿನಿಂದ ನನ್ನನ್ನು ತಾಯಿಯ ತಂಗಿಯ ಹಾಗೆ ಖಾಲಾ ಎಂದು ಕರೆದ ಬಾಯಿ, ದಾವೆ ಹಾಕಿದ ಮೇಲೂ ಅದಕ್ಕೆ ರೂಢಿ ತಪ್ಪಿಲ್ಲ. ನಾನು ಕೂತೆ. ಸೂಡಿ ದಾಟುವವರೆಗೆ ಅವನು ಕಂಬಿ ಹಿಡಿದು ನಿಂತೇ ಇದ್ದ. ನಮ್ಮ ಮನೆಯವರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಬುತ್ತಿ ಬಿಚ್ಚಿ ಒಂದು ರೊಟ್ಟಿ ಅವನಿಗೂ ಕೊಡಬೇಕೆಂದು ಮನಸ್ಸು ಎಳೆಯಿತು, ಫಿರ್ಯಾದಿಗೆ ರೊಟ್ಟಿ ಕೊಟ್ಟರೆ ವಕೀಲರು ಏನನ್ನುತ್ತಾರೋ ಎಂದು ಗಂಟು ಬಿಚ್ಚಲಿಲ್ಲ.

ಕಟಕಟೆಯಲ್ಲಿ ನನಗೆ ಮೊದಲು ಹೆದರಿಕೆಯಾಗಲಿಲ್ಲ. ಜಡ್ಜ್ ಸಾಹೇಬರು ವಯಸ್ಸಾದವರು, ಸಮಾಧಾನದ ಮುಖ. ಹಾಸು ಎಂದರೇನು ಎಂದು ಅವರೇ ಕೇಳಿದರು. ಗೂಟ ಹೊಡೆಯುವುದು, ಎಳೆ ಬಿಗಿಯುವುದು, ಕುಂಚದಿಂದ ಗಂಜಿ ಎಳೆಯುವುದು ಎಲ್ಲ ಕೈಮಾಡಿ ತೋರಿಸಿದೆ. ಮಹಾದೇವಪ್ಪನವರು ತಲೆಯಾಡಿಸುತ್ತ ಕೂತರು. ಆಮೇಲೆ ಗೌಸುವಿನ ಕಡೆಯ ವಕೀಲ ಎದ್ದ. ಗದಗದವನಂತೆ, ಮೀಸೆ ತೀಡಿಕೊಳ್ಳುತ್ತ ಮಾತನಾಡುತ್ತಾನೆ. "ಹಂಗಂದ್ರ ಬಾಯಾರ, ಮಂದಿ ಜಾಗಾದಾಗ ಹೇಳದ ಕೇಳದ ಹೊಕ್ಕು ಗೂಟ ಬಡದು ಕೂಡೋದು ನಿಮ್ಮ ಮನಿತನದ ರೂಢಿ, ಹೌದಿಲ್ಲೋ?" ಅಂದ.

ಹೌದು ಅನ್ನಬೇಕಿತ್ತು ಮಾಸುಮ. ಎರಡಕ್ಷರಕ್ಕಿಂತ ಹೆಚ್ಚು ಬೇಕಿರಲಿಲ್ಲ. ಹೌದು ಅಂದು ಇಳಿದು ಬಂದಿದ್ದರೆ ಕೇಸು ನಮ್ಮದು. ನನಗೆ ಮೈಯೆಲ್ಲ ಉರಿಯಿತು. ಹೇಳದೆ ಕೇಳದೆ ಹೊಗುವವರಂತೆ ನಾವು!

"ಯಾರ್ರಿ ಹಂಗಂದವ್ರು?" ಎಂದು ಕೇಳಿಯೇಬಿಟ್ಟೆ. "ರೀತಿ ರಿವಾಜು ಇಲ್ಲದ ಮಂದಿ ಅಲ್ರಿ ನಾವು. ನಾ ಈ ಓಣಿಗೆ ಸೊಸಿ ಆಗಿ ಬಂದಾಗಿಂದ ವರ್ಷದ ಮೊದಲ ಹಾಸು ಬೈಲಿಗೆ ಬೀಳೂಕಿಂತ ಮುಂಚೆ ಎಲಿ ಅಡಿಕಿ ತಗೊಂಡು ಹೋಗಿ, ಹಾಸು ಹಾಕ್ತೇವಿ ಅಂತ ಹೇಳಿ, ಆಕಿ ಹಾಕ್ರಿ ಅಂದ ಮ್ಯಾಲ ಗೂಟ ಬಡದೇವ್ರಿ. ಒಂದು ವರ್ಷ ತಪ್ಪಿಸಿಲ್ಲ. ಬೇಕಾರ ಓಣ್ಯಾಗ ಯಾರನ್ನರ ಕೇಳ್ರಿ."

ಹೇಳಿ ಮುಗಿಸಿ ಎದೆ ಎತ್ತಿ ನಿಂತೆ. ನೋಡಿದರೆ ಆ ವಕೀಲ ನಗುತ್ತಿದ್ದಾನೆ. ಮಹಾದೇವಪ್ಪನವರು ಕೈಯಲ್ಲಿದ್ದ ನಶ್ಯವನ್ನು ಮೂಗಿಗೆ ಏರಿಸುವುದು ಮರೆತು ಕೂತಿದ್ದಾರೆ. ಆಗ ನನಗೆ ಏನೂ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಅವರು ಬಿಡಿಸಿ ಹೇಳಿದರು. ಕೇಳದೆ ಮಾಡಿಕೊಂಡು ಬಂದರೆ ಅದು ವಹಿವಾಟು, ಹಕ್ಕು. ಕೇಳಿ ಮಾಡಿದರೆ ಅದು ಪರವಾನಗಿ. ಪರವಾನಗಿ ಕೊಟ್ಟವರು ಬೇಕೆಂದಾಗ ಕಸಿದುಕೊಳ್ಳಬಹುದು. "ಎಲಿ ಅಡಿಕಿ ಕೊಟ್ಟು ಕೇಸು ಕಳಕೊಂಡ್ರಲ್ರಿ ಬಾಯಾರ" ಅಂದರು. ಮರ್ಯಾದೆಯಿಂದ ನಡೆದುಕೊಂಡವರಿಗೆ ಹಕ್ಕಿಲ್ಲ, ಮರ್ಯಾದೆಗೆಟ್ಟು ನುಗ್ಗಿದವರಿಗೆ ಹಕ್ಕುಂಟು, ಇದು ಯಾವ ಊರಿನ ನ್ಯಾಯ ಎಂದು ಅಲ್ಲೇ ಮೆಟ್ಟಿಲ ಮೇಲೆ ನಿಂತು ಜಗಳ ತೆಗೆದೆ. ಪಾಪ, ಅವರೇನು ಮಾಡಿಯಾರು.

ಆದರೆ ಅದಕ್ಕೂ ಮುಂಚೆ ಒಳಗೆ ಇನ್ನೊಂದು ನಡೆಯಿತು. ನಾನು ಕಟಕಟೆ ಇಳಿಯುವಷ್ಟರಲ್ಲಿ ಸಾಹೇಬರು ಲೇಖಣಿ ಕೆಳಗಿಟ್ಟು, "ನಿಲ್ರಿ ಬಾಯಾರ. ಆಕಿ ಅಂದ್ರಿ. ಎಲಿ ಅಡಿಕಿ ಯಾರ ಕೈಯಾಗ ಕೊಡತಿದ್ರಿ?" ಎಂದು ಕೇಳಿದರು. "ಮಾಸುಮಬಿ ಕೈಯಾಗ್ರಿ" ಅಂದೆ. ಮನೆಯ ಗಂಡಸಿನ ಕೈಯಲ್ಲಿ ಏಕೆ ಕೊಡಲಿಲ್ಲ ಎಂದು ಕೇಳಿದರು. ಇದಕ್ಕೇನು ಹೌದು ಅಲ್ಲ ಅನ್ನುವುದು? ಇದ್ದದ್ದು ಹೇಳಿದೆ. "ಜಾಗಾ ಆಕಿದ್ರಿ. ಮೊದಲ ನಮ್ಮತ್ತಿ ಆಕಿ ಮಾವನ ಕೈಯಾಗ ಕೊಡತಿದ್ಲು. ನಿಕಾ ಆದಾಗ ಮಾವ ಆ ಬೈಲನ್ನ ಮೆಹರಿಗೆ ಅಂತ ಸೊಸಿಗೆ ಸ್ವಂತಕ್ಕ ಕೊಟ್ಟು, ಇನ್ನ ಮ್ಯಾಲ ಎಲಿ ಅಡಿಕಿ ಆಕಿ ಕೈಯಾಗ ಕೊಡ್ರಿ ಅಂತ ಅವರ ಹೇಳಿದ್ರು. ಓಣಿ ಹಿರೇರೆಲ್ಲ ಇದ್ರು."

ಗದಗದ ವಕೀಲನ ನಗೆ ಅಲ್ಲಿಗೆ ನಿಂತಿತು. ಸಾಹೇಬರು ಗೌಸುವಿನ ಕಡೆ ಒಮ್ಮೆ, ಕಾಗದದ ಕಡೆ ಒಮ್ಮೆ ನೋಡಿದರು. ಆಮೇಲೆ ವಕೀಲರು, ಸಾಹೇಬರು, ನಾನು, ಎಲ್ಲರ ನಡುವೆ ಒಂದು ಮಾತು ಬಂತು. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆಯಬಾರದು ಎಂದು ಆಣೆ ಮಾಡಿಕೊಂಡು ಕೂತಿದ್ದೇನೆ. ಕಡೆಗೆ ಸಾಹೇಬರು, ಆ ಮಾಸುಮಬಿಯನ್ನು ಕೋರ್ಟೇ ಕರೆಸಿ ಕೇಳುತ್ತದೆ ಎಂದು ಹೇಳಿ ಮಾರ್ಚಿ ಒಂಬತ್ತಕ್ಕೆ ತಾರೀಖು ಹಾಕಿದರು.

ಆದ್ದರಿಂದ ನಿನಗೆ ಸಮನ್ಸು ಬರುತ್ತದೆ. ನನ್ನ ಹಾಗೆ ಕೈ ಹಿಂದೆ ಕಟ್ಟಿಕೊಳ್ಳಬೇಡ. ನಜ್ಮಾನ ಗಂಡನನ್ನು ಬಾಗಿಲಿಗೆ ಕಳಿಸಿ ಇಲ್ಲ ಅನ್ನಿಸಬೇಡ. ಸಹಿ ಮಾಡಿ ತಗೋ, ನೀನು ನನಗಿಂತ ದುಂಡಗೆ ಬರೆಯುತ್ತಿದ್ದೆ. ಬಂದುಹೋಗುವ ಖರ್ಚು ಅವರೇ ಕೊಡುತ್ತಾರಂತೆ. ಮಜ್ಜಿಗೆ ಕೊಡು ಬೇಕಾದರೆ, ಗಂಜಿ ಮಾತ್ರ ಕೊಡಬೇಡ.

ಸೋಮವಾರ

ನಿನ್ನೆ ಇಲ್ಲಿಗೆ ನಿಲ್ಲಿಸಿ ಎದ್ದೆ. ಓಣಿಯಲ್ಲಿ ನನ್ನೊಡನೆ ಮಾತು ಕಡಿಮೆಯಾಗಿದೆ. ನೀರಿಗೆ ಹೋದರೆ ಶಂಕ್ರವ್ವ, "ಬಂದ್ಲ್ ನೋಡ್ರಿ ಎಲಿ ಅಡಿಕಿ ತಿಪ್ಪವ್ವ, ಕೊಡಾ ತುಂಬಾಕೂ ಪರವಾನಗಿ ಕೇಳ್ತಾಳೇನೋ" ಅಂದಳು. ಉಳಿದವರು ನಕ್ಕರು. ಮೊದಲಾಗಿದ್ದರೆ ಅವಳ ಜುಟ್ಟು ಹಿಡಿಯುತ್ತಿದ್ದೆ. ಈಗ ನೀರು ತುಂಬಿಕೊಂಡು ಬಂದೆ. ಅವಳ ಹಾಸು ಈ ವಾರ ಬೈಲಿಗೆ ಬೀಳಬೇಕಿತ್ತು, ತೀರ್ಪು ಬರುವ ತನಕ ಬೈಲಿಗೆ ಇಳಿಯಬೇಡಿ ಎಂದು ವಕೀಲರು ಹೇಳಿದ್ದಕ್ಕೆ ಸುತ್ತಿಕೊಂಡೇ ಬಿದ್ದಿದೆ, ಅವಳಿಗೂ ಬಾಯಿ ಕಹಿಯಾಗಿದೆ.

ಮಹಾದೇವಪ್ಪನವರು ಹೇಳಿಕಳಿಸಿದ ಒಂದು ಮಾತನ್ನೂ ಬರೆದುಬಿಡುತ್ತೇನೆ. ಎಲೆ ಅಡಿಕೆ ಗೆಳೆತನಕ್ಕೆ ಕೊಟ್ಟದ್ದು, ಜಾಗಕ್ಕಲ್ಲ, ಹಾಕ್ರಿ ಎಂದು ನಾನು ಎಂದೂ ಅಂದಿಲ್ಲ, ಕೋರ್ಟಿನಲ್ಲಿ ಹೀಗೆಂದು ಹೇಳಲು ಮಾಸುಮಬಿಗೆ ಬರೆಯಿರಿ ಎಂದರು. ನಾನು ಬರೆಯುವುದಿಲ್ಲ ಅಂದೆ. ನೀನು ಅಂದಿದ್ದೀ. ಪ್ರತಿ ವರ್ಷ ಅಂದಿದ್ದೀ. ಒಂದು ವರ್ಷ ಜ್ವರದಲ್ಲಿ ಮಲಗಿಕೊಂಡು ಸಹ, "ಹಾಕ್ರವ್ವ, ಎಳಿ ಗಟ್ಟಿ ಇರಲಿ" ಅಂದಿದ್ದೀ. ಅದನ್ನು ಇಲ್ಲ ಅನ್ನಿಸಿ ಗೆದ್ದ ಬೈಲಿನಲ್ಲಿ ನಾನು ಯಾವ ಮುಖದಿಂದ ಗೂಟ ಬಡಿಯಲಿ?

ನೀನು ಬಂದು ಜಾಗ ನನ್ನದು, ನೇಕಾರರು ಹಾಸು ಚಾಚಲಿ ಎಂದರೆ ದಾವೆ ಅಲ್ಲಿಗೆ ಮುಗಿಯಿತು ಎಂದು ವಕೀಲರು ಹೇಳುತ್ತಾರೆ. ಜಾಗ ಮಗನಿಗೆ ಕೊಟ್ಟಿದ್ದೇನೆ ಎಂದರೂ ಮುಗಿಯಿತು, ಆಗ ನಾವು ಗೂಟ ಕಿತ್ತುಕೊಂಡು ಹೋಗಬೇಕು. ಎರಡರಲ್ಲಿ ಯಾವುದು ಹೇಳು ಎಂದು ನಾನು ನಿನಗೆ ಹೇಳುವುದಿಲ್ಲ. ಬೈಲು ಬೇಡವಾಗಿ ಅಲ್ಲ. ಬೇಕು, ಬಹಳ ಬೇಕು. ಆದರೆ ಒಬ್ಬನೇ ಮಗನ ಎದುರಿಗೆ ನಿನ್ನನ್ನು ನಿಲ್ಲಿಸುವವಳು ನಾನಾಗುತ್ತೇನಲ್ಲ.

ಇಂದು ಮುಂಜಾನೆ ಅವನು ನಮ್ಮ ಬಾಗಿಲಿಗೆ ಬಂದಿದ್ದ. ಒಳಗೆ ಬರಲಿಲ್ಲ. ಹರಿದುಳಿದ ಸಮನ್ಸಿನ ಕಾಗದವನ್ನು ಉಗುರಿನಿಂದ ಕೆರೆಯುತ್ತ ನಿಂತ. ಬಾ ಅಂದೆ, ಚಹಾ ಕುಡಿ ಅಂದೆ. ಬೇಡವೆಂದು ತಲೆಯಾಡಿಸಿದ. "ಖಾಲಾ, ಅಮ್ಮಾಗ ಬರೀಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ" ಅಂದ. ಕಣ್ಣು ಕೆಂಪಾಗಿತ್ತು. ನಿದ್ದೆ ಅವನಿಗೂ ಇಲ್ಲ. ಅಷ್ಟು ಹೇಳಿ ಅವನು ಹೋದ. ನಮ್ಮ ಮನೆಯವರು ಮಗ್ಗದಿಂದ ಎದ್ದು ಬಂದು, ಹುಡುಗ ಇಷ್ಟು ಹೇಳಿದ ಮೇಲೆ ಬರೆಯಬೇಡ, ಬೈಲು ಹೋದರೆ ಹೋಗಲಿ ಅಂದರು. ಅವರಿಗೂ ಅವನನ್ನು ಎತ್ತಿ ಆಡಿಸಿದ ನೆನಪು.

ಇಷ್ಟೆಲ್ಲ ಆದರೂ ಬರೆಯುತ್ತಿದ್ದೇನೆ. ಏಕೆ ಎಂದು ನೀನು ಕೇಳಬಹುದು. ನಾಳೆ ಸಮನ್ಸು ಬಂದು ನಿಂತಾಗ ಬೇರೆ ಯಾರದೋ ಬಾಯಿಂದ ನಿನಗೆ ತಿಳಿಯಬಾರದು, ಅದಕ್ಕೆ ಎಂದು ಇಟ್ಟುಕೋ. ಕೂಸಿಗೆ ನನ್ನ ಮುತ್ತು. ನಜ್ಮಾಗೆ ಬಾಣಂತನದಲ್ಲಿ ತಣ್ಣೀರು ಮುಟ್ಟಬೇಡ ಎಂದು ಹೇಳು. ನಿನ್ನ ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚುವುದನ್ನು ಬಿಟ್ಟಿರಬೇಕು, ನೀನು ಅಷ್ಟೇ.

ಸಿಟ್ಟು ಬಂದರೆ ಬೈದು ಬರೆ, ಬರೆಯದೆ ಮಾತ್ರ ಇರಬೇಡ ಎಂದು ಕೇಳಿಕೊಳ್ಳುವ
ನಿನ್ನ ಗೆಳತಿ
ತಿಪ್ಪವ್ವ

ತಾ.ಕ.: ಲಕೋಟೆಗೆ ಹಾಕಿ ಮುಚ್ಚಿದ್ದೆ. ಅಂಚೆಯ ಡಬ್ಬಿಯವರೆಗೆ ಹೋಗಿ ತಿರುಗಿ ಬಂದು ಬಿಚ್ಚಿದ್ದೇನೆ. ಕೋರ್ಟಿನಲ್ಲಿ ಬಂದ, ಬರೆಯಬಾರದು ಎಂದು ಆಣೆ ಮಾಡಿಕೊಂಡ ಆ ಮಾತು ಬರೆಯದಿದ್ದರೆ ಈ ಪತ್ರವೇ ಸುಳ್ಳಾಗುತ್ತದೆ.

ಜಾಗ ಮಾಸುಮಬಿಯದು ಎಂದು ನಾನು ಹೇಳಿದಾಗ ಸಾಹೇಬರು, ಆಕೆ ಈಗ ಎಲ್ಲಿದ್ದಾರೆ ಎಂದು ಕೇಳಿದರು. ನಾನು ಬಾಯಿ ತೆರೆಯುವುದರೊಳಗೆ ಗದಗದ ವಕೀಲ ಎದ್ದು, "ವಾದಿಯ ತಾಯಿ ತೀರಿಕೊಂಡಾರ್ರಿ. ವಾದಿ ಒಬ್ಬನ ವಾರಸುದಾರ" ಅಂದ. ನಾನು ಗೌಸುವಿನ ಕಡೆ ನೋಡಿದೆ. ಅಲ್ಲ ಅನ್ನುತ್ತಾನೆ ಎಂದು ಕಾದೆ. ಅವನು ಕಾಲಿನ ಚಪ್ಪಲಿ ನೋಡುತ್ತ ನಿಂತಿದ್ದ. ಸಾಹೇಬರು ಅವನನ್ನೇ ಕೇಳಿದರು, ಖರೇನೋ ಎಂದು. ಅವನು ತಲೆ ಎತ್ತದೆ, "ಹೌದ್ರಿ" ಅಂದ.

ನನಗೆ ಅಲ್ಲೇ ಅಳು ಬಂತು. ಸಿಟ್ಟಿನ ಅಳು. "ಸತ್ತಾಳ? ಯಾವಾಗ ಸತ್ಲ್ರಿ? ಹೋದ ತಿಂಗಳ ನನಗ ಪತ್ರಾ ಬರದಾಳ, ನರಗುಂದದಾಗ ಮಗಳ ಬಾಣಂತನ ಮಾಡಾಕತ್ಯಾಳ" ಎಂದು ಕೂಗಿದೆ. ಇಬ್ಬರಲ್ಲಿ ಯಾರ ಮಾತು ನಂಬಬೇಕು ಎಂದು ತಿಳಿಯದೆ ಸಾಹೇಬರು ನಿನ್ನನ್ನು ಕರೆಸುತ್ತಿದ್ದಾರೆ. ಸಾಕ್ಷಿ ಹೇಳಲಿಕ್ಕೆ ಆಮೇಲೆ. ಮೊದಲು ನೀನು ಇದ್ದೀಯೋ ಇಲ್ಲವೋ ನೋಡಲಿಕ್ಕೆ.

ನೀನು ಬಂದರೆ ಅವನ ಮುಖ ನಾಲ್ಕು ಜನರಲ್ಲಿ ಕಪ್ಪಾಗುತ್ತದೆ, ಅದು ನನಗೂ ಗೊತ್ತು. ಬರದಿದ್ದರೆ ನೀನು ಸತ್ತದ್ದು ಕೋರ್ಟಿನಲ್ಲಿ ಕಾಯಂ ಆಗುತ್ತದೆ. ಬೈಲು ಅವನಿಗೇ ಕೊಡುವುದಾದರೆ ಕೊಡು ಮಾಸುಮ, ನಾವು ಬೇರೆ ಕಡೆ ಹುಡುಕಿಕೊಳ್ಳುತ್ತೇವೆ, ನಿನ್ನ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಆದರೆ ಬಾ. ಸಿಪಾಯಿ ಬಾಗಿಲಲ್ಲಿ ನಿಂತು ನಿನ್ನ ಹೆಸರನ್ನು ಮೂರು ಸಲ ಕೂಗುತ್ತಾನೆ. ಮೊದಲನೆಯ ಕೂಗಿಗೇ, ಗೌಸುವಿಗೆ ಕೇಳುವ ಹಾಗೆ, "ಇದ್ದೇನ್ರಿ" ಅನ್ನು.